ಜೇಡದ ಪರ ನಿಂತ ಬಸಕ್ಕ

ಬಸಕ್ಕನ ಬಾಯಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಅವಳನ್ನು ಹೊಗಳುವುದು ಬಹಳ ಇದೆ. ಮಾದನಾಯಕನಹಳ್ಳಿಯ ನಮ್ಮ ವಠಾರದ ಕೊನೇ ಮನೆಯಲ್ಲಿ ಅವಳು ಮಾತಿಗೆ ನಿಂತರೆ ಗೇಟಿನ ಹತ್ತಿರದ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಕೂಗಿತೆಂದು ತಿಳಿಯುವುದಿಲ್ಲ. ಇಳಕಲ್ ಕಡೆಯವಳು, ಮಗ್ಗದ ಮನೆಯಲ್ಲಿ ಹುಟ್ಟಿದವಳು. ಸೀರೆ ನೇಯ್ದು ಸಂಸಾರ ನಡೆಯದಾದಾಗ ಗಂಡ ಭೀಮಪ್ಪನ ಜೊತೆ ಇಲ್ಲಿಗೆ ಬಂದಳು. ಭೀಮಪ್ಪನಿಗೆ ತುಮಕೂರು ರಸ್ತೆಯ ಗೋಡೌನೊಂದರಲ್ಲಿ ಲೋಡಿಂಗ್ ಕೆಲಸ ಸಿಕ್ಕಿತು. ಬಸಕ್ಕ ಪ್ಯಾಕಿಂಗಿಗೆ ಹೋದಳು, ಸೂಪರ್‌ವೈಸರ್ ಜೊತೆ ಜಗಳ ಆಡಿದಳು, ಕೆಲಸ ಬಿಟ್ಟಳು. ಆಮೇಲೆ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳತೊಡಗಿದಳು. ಬೆಳಿಗ್ಗೆ ಗೋಡೌನಿನ ಬಸ್ಸು ಬರುವ ಹೊತ್ತಿಗೆ ಅವಳ ಹೊಸ್ತಿಲ ಮುಂದೆ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತು.

ನಾನು ಮಂಜುಶ್ರೀ, ವಠಾರದ ಮಾಲೀಕ ಬೈರಪ್ಪನವರ ಸೊಸೆ. ಹತ್ತಿರದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೀಟಿನ ಮನೆಗಳನ್ನು ಎರಡು ಸಾಲು ಕಟ್ಟಿಸಿದ್ದಾರೆ. ಮಧ್ಯೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಹಿಂದೆ ಬೀಳುಬಿಟ್ಟ ತುಂಡು ಹೊಲ, ಅದರಾಚೆ ಕೆರೆಯ ಜೊಂಡು. ನನ್ನ ಮಗಳೂ ಬಸಕ್ಕನ ಮನೆಗೇ ಹೋಗುತ್ತಿದ್ದಳು. ಓನರ್ ಮೊಮ್ಮಗಳು ಬಾಡಿಗೆಯವರ ಮನೆಯಲ್ಲಿ ಕೂರುವುದೇ ಎಂದು ಅತ್ತೆ ಅಶ್ವತ್ಥಮ್ಮ ಗೊಣಗಿದರು. ನಾಲ್ಕು ವರ್ಷದ ಹುಡುಗಿಯ ಹಿಂದೆ ಓಡಲು ಅವರ ಮಂಡಿ ಒಪ್ಪದಿದ್ದರಿಂದ ಅವರೂ ಸುಮ್ಮನಾದರು.

ಬಸಕ್ಕನ ಮನೆಯಲ್ಲಿ ಒಂದು ವಿಶೇಷವಿತ್ತು. ಅವಳು ಜೇಡ ಕೊಲ್ಲುತ್ತಿರಲಿಲ್ಲ. ಹಳೇ ಬಲೆಯನ್ನು ಶುಕ್ರವಾರ ಪೊರಕೆಯಿಂದ ತೆಗೆಯುತ್ತಿದ್ದಳು, ಜೇಡವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೇಳಿದರೆ, "ಅದೂ ನೂಲು ತಗೀತೈತಿ, ನಾವೂ ನೂಲು ತಗದಾವ್ರು. ನಮ್ಮ ಮನಿತನದಾಗ ಇದನ್ನ ಬಡ್ಯಂಗಿಲ್ಲ ಯವ್ವಾ" ಎನ್ನುತ್ತಿದ್ದಳು. ಕ್ಯಾಲೆಂಡರಿನ ಹಿಂದೆ ಅಂಗೈ ಅಗಲದ ಚಪ್ಪಟೆ ಜೇಡವೊಂದಿತ್ತು. ಅದು ಬಲೆ ಕಟ್ಟುವುದಿಲ್ಲ. ಜಿರಳೆ ಕಂಡರೆ ಗೋಡೆಯ ಮೇಲೆ ಸರ್ರನೆ ಓಡಿ ಹಿಡಿಯುತ್ತದೆ. ಒಮ್ಮೊಮ್ಮೆ ಹೊಟ್ಟೆಯ ಕೆಳಗೆ ಬಿಳೀ ಬಿಲ್ಲೆಯಂಥ ಮೊಟ್ಟೆಯ ಗಂಟು ಹಿಡಿದುಕೊಂಡು ಓಡಾಡುತ್ತಿತ್ತು. ಮಕ್ಕಳು ಅದಕ್ಕೆ ದೊಡ್ಡವ್ವ ಎಂದು ಹೆಸರಿಟ್ಟಿದ್ದರು. ಸೂರಿನ ಮೂಲೆಯಲ್ಲಿ ಕೂದಲೆಳೆಯ ಕಾಲಿನ ಸಣಕಲು ಜೇಡಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬಲೆ ಅಲುಗಿದರೆ ಮೈಯೆಲ್ಲ ಗಡಗಡ ನಡುಗಿಸುತ್ತಿದ್ದುದರಿಂದ ಅವು ನಡುಗವ್ವ. ಕಿಟಕಿಯ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ನೊಣ ಹಿಡಿಯುವ ಪುಟಾಣಿ ಜೇಡ ಇಣುಕಪ್ಪ. ನಾವು ಹತ್ತಿರ ಹೋದರೆ ಅದು ನಮ್ಮ ಕಡೆಗೇ ಮುಖ ತಿರುಗಿಸಿ ನೋಡುತ್ತಿತ್ತು. ನನ್ನ ಮಗಳು ರಾತ್ರಿ ಊಟಕ್ಕೆ ಕೂತರೆ ಇವರೆಲ್ಲರ ಯೋಗಕ್ಷೇಮ ಹೇಳದೆ ಅನ್ನ ಮುಟ್ಟುತ್ತಿರಲಿಲ್ಲ.

ಮಳೆಗಾಲ ಮುಗಿದು ದಸರಾ ಹತ್ತಿರ ಬಂದಾಗ ವಠಾರಕ್ಕೆ ಕಾಟ ಶುರುವಾಯಿತು. ಮೊದಲು ಆದದ್ದು ಸವಿತಾಳ ಮಗನಿಗೆ. ಸವಿತಾ ಎದುರು ಸಾಲಿನವಳು, ಕೊಪ್ಪಳದ ಕಡೆಯಿಂದ ಬಂದವಳು, ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ. ಮಗು ಬೆಳಿಗ್ಗೆ ಎದ್ದಾಗ ಕೆನ್ನೆಯಿಂದ ಕತ್ತಿನವರೆಗೆ ಬರೆ ಎಳೆದ ಹಾಗೆ ಕೆಂಪಗೆ ಗೆರೆ, ಅದರ ಮೇಲೆ ಸಣ್ಣ ಗುಳ್ಳೆಗಳು. ಅತ್ತೆ ನೋಡಿದ ತಕ್ಷಣ ತೀರ್ಪು ಕೊಟ್ಟರು.

"ಜೇಡ ಉಚ್ಚೆ ಉಯ್ದದೆ ಕಣವ್ವ. ಕೆಮ್ಮಣ್ಣು ಅಚ್ಚು, ವಾಸಿಯಾಯ್ತದೆ."

ಕೆಮ್ಮಣ್ಣು ಹಚ್ಚಿದರು. ವಾಸಿಯಾಗುವ ಮೊದಲೇ ಇನ್ನೊಂದು ಮಗುವಿಗೆ ತೊಡೆಯ ಮೇಲೆ ಬಂತು, ಆಮೇಲೆ ಒಬ್ಬ ಹುಡುಗಿಗೆ ಬೆನ್ನ ಮೇಲೆ, ದೊಡ್ಡವರಿಗೆ ಕತ್ತು ತೋಳುಗಳ ಮೇಲೆ. ಗುಳ್ಳೆ ಬಂದವರೆಲ್ಲ ಕೊನೇ ಮನೆಯ ಕಡೆ ತಿರುಗಿ ನೋಡಿದರು. ಜೇಡ ಸಾಕಿರುವ ಮನೆ ಅದೊಂದೇ, ಮಕ್ಕಳು ದಿನವಿಡೀ ಇರುವುದೂ ಅಲ್ಲೇ. ಇನ್ನೇನು ಬೇಕು?

ನಮ್ಮ ಮಾವ ಕೆಟ್ಟವರಲ್ಲ, ದುಡುಕಿನವರು. ಒಂದು ಭಾನುವಾರ ನಲ್ಲಿಯ ಹತ್ತಿರ ಎಲ್ಲರ ಮುಂದೆ ಬಸಕ್ಕನನ್ನು ಕರೆದರು.

"ನೋಡು ಬಸಕ್ಕ, ನಿನ್ ಮನೇಲಿರೋ ಉಳ ಎಲ್ಲಾ ಬಡ್ದಾಕು. ಇಲ್ಲಾ ಅಂದ್ರೆ ಅಮಾಸೆ ಒಳ್ಗೆ ಮನೆ ಖಾಲಿ ಮಾಡು."

"ಜೇಡ ಏನೂ ಮಾಡಂಗಿಲ್ಲ ಗೌಡ್ರ. ಪಾಪದ್ದು ಅದು. ಯಾವ ಜೇಡಾನೂ ಮನಷ್ಯಾರ ತಂಟೇಕ ಬರಂಗಿಲ್ಲ."

"ಅಂಗಾದ್ರೆ ಗುಳ್ಳೆ ಎಲ್ಲಿಂದ ಬಂತು? ನಾನ್ ತಂದ್ನಾ?"

ಬಸಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಅರ್ಧ ಗಂಟೆ ಮಾತಾಡಿದಳು. ಮಾವ ಅದನ್ನೆಲ್ಲ ಕೇಳಿಸಿಕೊಳ್ಳದೆ ಪೇಟೆಗೆ ಹೋಗಿ, ಕ್ರಿಕೆಟ್ ಆಡುವ ಮೈದಾನಕ್ಕೆ ಹಾಕುವಂಥ ಬಿಳೀ ಫೋಕಸ್ ಲೈಟು ತಂದು ಅಂಗಳದ ಕಂಬಕ್ಕೆ ಬಿಗಿಸಿದರು. ಜೇಡಕ್ಕೆ ಬೆಳಕು ಕಂಡರೆ ಆಗುವುದಿಲ್ಲ, ಹೆದರಿ ಓಡಿಹೋಗುತ್ತದೆ ಎಂದು ಅವರ ನಂಬಿಕೆ. ಇದನ್ನು ನೋಡಿ ಬಾಡಿಗೆಯವರೂ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಸಿಕೊಂಡೇ ಮಲಗತೊಡಗಿದರು. ಸೆಕೆಗೆ ಕಿಟಕಿ ಬಾಗಿಲು ತೆರೆದಿಟ್ಟರು. ವಠಾರ ಮದುವೆ ಮನೆಯ ಹಾಗೆ ಬೆಳಗಿತು. ಗುಳ್ಳೆ ಮಾತ್ರ ಮೊದಲಿಗಿಂತ ಜಾಸ್ತಿಯಾಯಿತು.

ಸವಿತಾ ಮೊದಲು ಬಸಕ್ಕನ ಮನೆಯಿಂದ ಮಗುವನ್ನು ಬಿಡಿಸಿಕೊಂಡಳು. ನೋಡನೋಡುತ್ತ ಮಿಕ್ಕವರೂ ಬಿಡಿಸಿಕೊಂಡರು. ಕೆಲವರು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕೂತರು. ನನ್ನ ಮಗಳನ್ನೂ ಅತ್ತೆ ಹೊಸ್ತಿಲು ದಾಟಿಸಲಿಲ್ಲ. ನಾನು ಜಗಳವಾಡಿ ಸೋತೆ. ಭೀಮಪ್ಪ ಮಾಕಳಿ ಕಡೆ ಬೇರೆ ಮನೆ ನೋಡಿ ಬಂದ. ಮನೆ ಸಿಕ್ಕೀತು, ಆದರೆ ಮಕ್ಕಳ ಮೈ ಸುಡಿಸಿದಳು ಎಂದು ಹೆಸರು ಹೊತ್ತು ಹೋದವಳ ಹತ್ತಿರ ಯಾರು ಮಕ್ಕಳನ್ನು ಬಿಡುತ್ತಾರೆ? ಬಸಕ್ಕನಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಚಪ್ಪಲಿಗಳ ರಾಶಿಯೇ ಅವಳ ಸಂಸಾರ. ಖಾಲಿ ಹೊಸ್ತಿಲ ಮೇಲೆ ಕೂತು ಅವಳು ಸುಮ್ಮನೆ ಅಕ್ಕಿ ಆರಿಸುತ್ತಿದ್ದಳು.

ಅಮಾವಾಸ್ಯೆಗೆ ಮುಂಚಿನ ಭಾನುವಾರ ನೀರು ಹಿಡಿಯುವಾಗ ಸವಿತಾ ಸಿಡಿದಳು. ಅವಳ ಮಗನಿಗೆ ಈ ಸಲ ರೆಪ್ಪೆಯ ಮೇಲೇ ಗುಳ್ಳೆಯೆದ್ದು ಕಣ್ಣು ಮುಚ್ಚಿಹೋಗಿತ್ತು.

"ಜೇಡ ಪಾಪದ್ದಂತ! ಅಷ್ಟು ಧೈರ್ಯ ಇದ್ದರ ಆ ತೂತಿನ್ಯಾಗ ಕೈ ಹಾಕಬೇ, ನೋಡೂಣು!"

ಅವಳು ಬೆಟ್ಟು ಮಾಡಿದ್ದು ಹಿತ್ತಲಿನ ಬ್ಲಾಕ್ ರಾಶಿಯ ಕಡೆಗೆ. ಮೇಲೆ ಮಹಡಿ ಕಟ್ಟಿಸಲು ಮಾವ ಯಾವಾಗಲೋ ತರಿಸಿದ್ದ ಸಿಮೆಂಟ್ ಬ್ಲಾಕುಗಳು ಹುಲ್ಲಿನಲ್ಲಿ ಹೂತುಹೋಗಿದ್ದವು. ಎರಡು ಬ್ಲಾಕಿನ ನಡುವೆ ನೆಲದ ಹತ್ತಿರ ಒಂದು ಬಿಲ, ಬಿಲದ ಬಾಯಿಗೆ ತೆಳ್ಳನೆಯ ಮಲ್ಲು ಬಟ್ಟೆ ಹೊದಿಸಿದ ಹಾಗೆ ಬಿಳೀ ನೂಲು. ಹಿಂದೆ ಮುಂದೆ ನೋಡುವುದು ಬಸಕ್ಕನ ಜಾಯಮಾನದಲ್ಲೇ ಇಲ್ಲ. ಸೆರಗು ಸಿಕ್ಕಿಸಿ ನೆಟ್ಟಗೆ ಹೋದಳು, ಕೂತಳು, ಕೈ ಹಾಕಿದಳು.

ಅವಳು ಕಿರುಚಿದ್ದು ತುಮಕೂರು ರಸ್ತೆಯ ಲಾರಿಗಳಿಗೂ ಕೇಳಿಸಿರಬೇಕು. ಕೈ ಕೊಡವಿಕೊಂಡು ಹಿಂದಕ್ಕೆ ಬಿದ್ದಳು. ಬಿಲದ ಬಾಯಿಗೆ ಬಂದು ನಿಂತಿದ್ದು ಅವಳ ಮನೆಯ ಜೇಡಗಳ ಥರದ್ದಲ್ಲ. ಕಂದು ಬಣ್ಣ, ದಪ್ಪ ಕಾಲುಗಳು, ಮೈತುಂಬ ಕೂದಲು. ಅದು ಓಡಲಿಲ್ಲ, ಮುಂಗಾಲುಗಳನ್ನು ಮೇಲೆತ್ತಿ ಬಾ ನೋಡೋಣ ಎಂಬಂತೆ ನಿಂತಿತು. ನಾನು ದೂರದಿಂದಲೇ ಮೊಬೈಲಿನಲ್ಲಿ ಫೋಟೋ ತೆಗೆದೆ. ಮಾವ ಗುದ್ದಲಿ ಎತ್ತಿದರು. ಬಸಕ್ಕ ನೋವಿನಲ್ಲಿ ಹೊರಳುತ್ತಲೇ ಕೂಗಿದಳು.

"ಕೊಲ್ಲಬ್ಯಾಡ್ರಿ ಗೌಡ್ರ! ಅದರ ಮನಿಯಾಗ ನಾನ ಕೈ ಹಾಕೇನಿ, ತಪ್ಪು ನಂದೈತಿ!"

ಮಾವನ ಗುದ್ದಲಿ ಅಲ್ಲೇ ನಿಂತಿತು. ಜೇಡ ಬಿಲದೊಳಕ್ಕೆ ಸರಿಯಿತು. ಅಷ್ಟರಲ್ಲಿ ವಠಾರವೆಲ್ಲ ವೈದ್ಯರಾಗಿಬಿಟ್ಟಿತ್ತು. ಭೀಮಪ್ಪ ಹೆಗಲ ಟವೆಲ್ಲು ತೆಗೆದು ತೋಳಿಗೆ ಬಿಗಿಯಲು ಹೊರಟ. ಅತ್ತೆ ಕೆಮ್ಮಣ್ಣು ಕಲೆಸಿದರು. ಯಾರೋ ಕುಯ್ದು ರಕ್ತ ತೆಗೆಯಲು ಬ್ಲೇಡು ತಂದರು. ಹಾವು ಚೇಳು ಕಚ್ಚಿದರೆ ಏನು ಮಾಡಬೇಕೆಂದು ನಮ್ಮ ಆಫೀಸಿನಲ್ಲಿ ಗೋಡೌನ್ ಕೆಲಸದವರಿಗೆ ಹೇಳಿಕೊಡುವಾಗ ನಾನೂ ಕೂತು ಕೇಳಿದ್ದೆ. ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಅಂಗಳದ ಮಧ್ಯೆ ನಿಂತು, ಮಾವ ಇದ್ದಾರೆ ಎಂಬುದನ್ನೂ ಮರೆತು, ಎಲ್ಲರ ಮೇಲೆ ಕಿರುಚಾಡಿ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪಿನಿಂದ ತೊಳೆದೆ. ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಕೈ ಊದಿಕೊಳ್ಳುವ ಮೊದಲು ಬಳೆ ತೆಗೆಯಬೇಕೆಂದೆ.

"ಮುತ್ತೈದೆ ಕೈ ಬರಿದು ಮಾಡ್ತೀಯೇನೇ?" ಎಂದು ಅತ್ತೆ ಗದರಿದರು.

"ಕೈ ಉಳದ್ರ ಬಳಿ ಆಮ್ಯಾಲೆ ಇಟ್ಕೋತೀನ್ರಿ ಅಮ್ಮಾರ" ಎಂದು ಬಸಕ್ಕ ತಾನೇ ಸೋಪು ಸವರಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದಳು.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಸವಿತಾ ಮಗುವನ್ನು ಎತ್ತಿಕೊಂಡು ಕರೆಯದೆಯೇ ಹತ್ತಿ ಕೂತಳು, ದಾರಿಯುದ್ದಕ್ಕೂ ಅತ್ತಳು. ಡಾಕ್ಟರಮ್ಮ ಫೋಟೋ ನೋಡಿ, ಕಚ್ಚಿದ ಜಾಗ ನೋಡಿ, ಇಂಜೆಕ್ಷನ್ ಕೊಟ್ಟು ಕೆಲವು ಗಂಟೆ ಅಲ್ಲೇ ಮಲಗಿಸಿದರು.

"ಬಿಲದಲ್ಲಿರೋ ಕೂದಲು ಜೇಡ. ವಿಷ ಇರುತ್ತೆ, ನೋವು ಜಾಸ್ತಿ, ಬಾವು ಬರುತ್ತೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ. ಆದ್ರೆ ಉಸಿರು ಕಟ್ಟಿದ್ರೆ, ಮೈ ಬೆವರಿ ಮಾಂಸಖಂಡ ಹಿಡ್ಕೊಂಡ್ರೆ, ಕಚ್ಚಿದ್ದು ಚಿಕ್ಕ ಮಕ್ಕಳಿಗೆ ಆದ್ರೆ ಒಂದು ನಿಮಿಷಾನೂ ಕಾಯ್ಬೇಡಿ, ಬನ್ನಿ. ಕೆಂಪು ಗುರುತಿರೋ ಕರೀ ಜೇಡ ಅಂತ ಒಂದಿದೆ, ಅಪರೂಪ. ಅದು ಕಚ್ಚಿದ್ರೂ ಅಷ್ಟೇ. ಏನೇ ಆಗ್ಲಿ, ಕಾಣದೇ ಇರೋ ಜಾಗಕ್ಕೆ ಬರಿಗೈ ಹಾಕ್ಬೇಡಿ."

"ಯಾವ ಜೇಡಾನೂ ಏನೂ ಮಾಡಂಗಿಲ್ಲ ಅಂತಿದ್ನಿ ಮೇಡಂ" ಎಂದಳು ಬಸಕ್ಕ. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅವತ್ತೇ ಕೇಳಿದ್ದು.

"ಮನೆ ಜೇಡಗಳು ಏನೂ ಮಾಡಲ್ಲ, ಅದು ನಿಜ. ಎಲ್ಲಾ ಜೇಡಾನೂ ಒಂದೇ ಅಲ್ಲ."

ಆಗ ಅವರ ಕಣ್ಣು ಸವಿತಾಳ ಮಗುವಿನ ಮೇಲೆ ಬಿತ್ತು. ಹತ್ತಿರ ಕರೆದು ರೆಪ್ಪೆ, ಕೆನ್ನೆ, ಕತ್ತು ನೋಡಿದರು.

"ಇದು ಜೇಡ ಅಲ್ಲ. ಜೇಡ ಮೈಮೇಲೆ ಉಚ್ಚೆ ಹೊಯ್ದು ಗುಳ್ಳೆ ಬರೋದು ಅಂತ ಒಂದಿಲ್ಲ. ಇದು ಯಾವುದೋ ಹುಳ ಚರ್ಮದ ಮೇಲೆ ಅರೆದುಹೋಗಿ ಅದರ ರಸ ಸುಟ್ಟಿರೋದು. ಅದಕ್ಕೇ ಗೆರೆ. ದೀಪಕ್ಕೆ ಬರೋ ಕೆಂಪು ಕಪ್ಪು ಸಣ್ಣ ಹುಳ ಇರಬೇಕು. ಸಿಕ್ಕಿದ್ರೆ ಬಾಟಲೀಲಿ ಹಾಕಿ ತನ್ನಿ. ಕೈಯಲ್ಲಿ ಮಾತ್ರ ಮುಟ್ಬೇಡಿ."

ದೀಪಕ್ಕೆ ಬರುವ ಹುಳ! ಬಸಕ್ಕ ಮಂಚದ ಮೇಲೆ ಎದ್ದು ಕೂತಳು. ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರ ಕಣ್ಣಮುಂದೆಯೂ ಮಾವ ಬಿಗಿಸಿದ ಫೋಕಸ್ ಲೈಟೇ ಉರಿಯುತ್ತಿತ್ತು.

ಮಾರನೆಯ ದಿನ ಬಸಕ್ಕನ ಬಾಯಿ ವಾಪಸು ಬಂತು. ಬಾತುಕೊಂಡ ಕೈಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಮನೆಮನೆಗೂ ಹೋದಳು. "ನೋಡ್ರಿ, ಜೇಡ ಕಚ್ಚಿದ್ರ ಹಿಂಗ ಆಗತೈತಿ. ಒಂದ ಜಾಗ, ಎರಡು ಸಣ್ಣ ತೂತು, ಸುತ್ತ ಬಾವು. ನಿಮ್ಮ ಮೈಮ್ಯಾಲಿಂದು ಗೆರಿ. ಎಲ್ಲಿಂದೆಲ್ಲಿಗೆ ಹೋಲಿಸ್ತೀರಿ?" ಕಚ್ಚಿಸಿಕೊಂಡವಳಿಗೆ ಇಲ್ಲ ಎನ್ನುವುದು ಯಾರಿಗೂ ಸುಲಭವಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಬರಬೇಕು, ಗೌಡರೂ ಬರಬೇಕು ಎಂದು ಹೇಳಿಬಂದಳು. ಓನರಿಗೆ ಬಾಡಿಗೆಯವಳು ಸಮನ್ಸ್ ಕಳಿಸಿದ್ದು ನಮ್ಮ ವಠಾರದ ಚರಿತ್ರೆಯಲ್ಲಿ ಅದೇ ಮೊದಲು.

ಮಾವ ಬಂದರು, ಕುರ್ಚಿ ಹಾಕಿಸಿಕೊಂಡು ಕೂತರು. ಬಸಕ್ಕ ಭೀಮಪ್ಪನ ಬಿಳೀ ಪಂಚೆಯನ್ನು ಲೈಟಿನ ಕೆಳಗೆ ಹಾಸಿದಳು. ಕತ್ತಲು ಕವಿಯುತ್ತಿದ್ದಂತೆ ಕೆರೆಯ ಕಡೆಯಿಂದ ಹುಳಗಳು ಮುಗಿಬಿದ್ದವು. ಪಂಚೆಯ ಮೇಲೆ ಸೊಳ್ಳೆ, ಪತಂಗ, ರೆಕ್ಕೆಯಿರುವೆ ಉದುರಿದವು. ಸವಿತಾ ಬಗ್ಗಿ ನೋಡಿ ಕೂಗಿದಳು. ಇರುವೆಯಂಥದೇ ಸಪೂರ ಹುಳ, ಕಪ್ಪು ತಲೆ, ನಡುವೆ ಕೇಸರಿ ಕೆಂಪು ಪಟ್ಟಿ, ಬಾಲದ ತುದಿಯನ್ನು ಮೇಲಕ್ಕೆತ್ತಿ ಗಡಿಬಿಡಿಯಲ್ಲಿ ಓಡುತ್ತಿತ್ತು. ಒಂದಲ್ಲ, ಹುಡುಕಿದಷ್ಟೂ ಇದ್ದವು. ನಾವೆಲ್ಲ ದಿನಾ ಕತ್ತಿನ ಮೇಲಿಂದ ಉಜ್ಜಿ ಬಿಸಾಡುತ್ತಿದ್ದ ಹುಳವೇ ಅದು. ಅದಕ್ಕೆ ಒಂದು ಹೆಸರಿಡುವಷ್ಟು ಬೆಲೆಯನ್ನೂ ಯಾರೂ ಕೊಟ್ಟಿರಲಿಲ್ಲ.

"ಇಷ್ಟ್ ಸಣ್ಣ ಉಳ ಮನುಷ್ಯನ್ನ ಸುಡ್ತದಾ? ತಮಾಸೆ ಮಾಡ್ತಿಯೇನಮ್ಮಿ?" ಎಂದರು ಮಾವ. ಎನ್ನುತ್ತಿರುವಾಗಲೇ ಒಂದು ಹುಳ ಅವರ ಕತ್ತಿನ ಮೇಲೆ ಇಳಿಯಿತು. ಅಭ್ಯಾಸಬಲದಿಂದ ಅವರ ಅಂಗೈ ಉಜ್ಜಲು ಮೇಲೆ ಹೋಯಿತು.

ಬಸಕ್ಕ ಹಾರಿ ಬಂದು ಅವರ ಮಣಿಕಟ್ಟು ಹಿಡಿದಳು. ಹಿಡಿದದ್ದು ಬಾತ ಕೈಯಲ್ಲಿ. ನೋವಿಗೆ ಅವಳ ಕಣ್ಣಲ್ಲಿ ನೀರು ಚಿಮ್ಮಿತು, ಹಿಡಿತ ಸಡಿಲಿಸಲಿಲ್ಲ. ಮಾವನ ಕೈಯನ್ನು ಊರಿನಲ್ಲಿ ಗಂಡಸರೂ ಹಿಡಿದದ್ದಿಲ್ಲ.

"ನನ್ ಕೈ ಇಡೀತಿಯಾ?"

"ಹಿಡೀತೀನ್ರಿ! ಉಜ್ಜಬ್ಯಾಡ್ರಿ! ಏ ಸವಿತಾ, ಊದು!"

ಸವಿತಾ ಹೆದರುತ್ತ ಹೆದರುತ್ತ ಗೌಡರ ಕತ್ತಿಗೆ ಬಾಯಿ ಹತ್ತಿರ ತಂದು ಉಫ್ ಎಂದಳು. ಹುಳ ಪಂಚೆಯ ಮೇಲೆ ಬಿತ್ತು. ಭೀಮಪ್ಪ ಕಾಗದದಿಂದ ಅದನ್ನು ಬಾಟಲಿಗೆ ತಳ್ಳಿದ. ನಾನು ಮಾವನ ಕತ್ತನ್ನು ಸೋಪಿನಿಂದ ತೊಳೆದೆ. ಅವರು ಕುರ್ಚಿ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ನು ಮುಗಿಯಿತು, ಬಸಕ್ಕನ ಋಣ ಈ ವಠಾರದಲ್ಲಿ ತೀರಿತು ಎಂದೇ ನಾನು ಅಂದುಕೊಂಡೆ. ಭೀಮಪ್ಪನೂ ಹಾಗೇ ಅಂದುಕೊಂಡು ಪಾತ್ರೆಗಳನ್ನು ಗಂಟು ಕಟ್ಟತೊಡಗಿದ.

ಮರುದಿನ ಡಾಕ್ಟರಮ್ಮ ಬಾಟಲಿ ನೋಡಿ ಹುಳ ಅದೇ ಎಂದರು, ಬಿಳೀ ಬೆಳಕಿಗೆ ಇವು ಹೆಚ್ಚು ಬರುತ್ತವೆ, ಹಳದಿ ಬೆಳಕಿಗೆ ಕಡಿಮೆ ಎಂದೂ ಹೇಳಿದರು. ಆದರೆ ಮಾವನನ್ನು ಒಪ್ಪಿಸಿದ್ದು ಡಾಕ್ಟರಮ್ಮ ಅಲ್ಲ, ನಮ್ಮ ಅತ್ತೆ. ಅವತ್ತು ಸಂಜೆ ಇಷ್ಟೆಲ್ಲ ರಾದ್ಧಾಂತ ನಡೆಯುವಾಗ ಅತ್ತೆ ಮೊಣಕೈ ಸಂದಿಗೆ ಬಂದ ಹುಳವನ್ನು ಯಾರಿಗೂ ಹೇಳದೆ ತಿಕ್ಕಿ ಹಾಕಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ತೋಳು ಮಡಿಸುವ ಕಡೆ ಮೇಲೊಂದು ಬರೆ, ಕೆಳಗೊಂದು ಬರೆ, ಒಂದಕ್ಕೊಂದು ಅಚ್ಚೊತ್ತಿದ ಹಾಗೆ. ಮಾವ ಕನ್ನಡಿಯ ಮುಂದೆ ಹೋಗಿ ತಮ್ಮ ಕತ್ತನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡರು. ಒಂದು ಚುಕ್ಕೆಯೂ ಇರಲಿಲ್ಲ. ಒಂದೇ ಸಂಜೆ, ಒಂದೇ ಅಂಗಳ, ಒಂದೇ ಹುಳ. ಉಜ್ಜಿದವರಿಗೆ ಬಂದಿತ್ತು, ಊದಿಸಿಕೊಂಡವರಿಗೆ ಬಂದಿರಲಿಲ್ಲ.

ಅತ್ತೆ ಅಭ್ಯಾಸದಂತೆ ಕೆಮ್ಮಣ್ಣಿನ ಡಬ್ಬಿಗೆ ಕೈ ಹಾಕಿದರು. ಮಾವ ಮೆಲ್ಲಗೆ, "ಬ್ಯಾಡ ಕಣೆ, ಸೋಪ್ನಾಗೆ ತೊಳ್ಕೊಂಡು ಆಸ್ಪತ್ರೆಗೆ ಓಗ್ಬಾ" ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ.

ಮಾವ ಕೊನೇ ಮನೆಯ ಮುಂದೆ ಹೋಗಿ ನಿಂತರು. ಬಾಗಿಲಲ್ಲಿ ಗಂಟುಗಳು, ಟ್ರಂಕು, ಸುತ್ತಿದ ಚಾಪೆ. ವಠಾರದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು.

"ಬಸಕ್ಕ, ನಾನು ಅವಸ್ರ ಬಿದ್ದೆ. ನೀನ್ ಎಲ್ಗೂ ಓಗ್ಬೇಡ."

ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಕೈ ಮುಗಿಯುತ್ತಿದ್ದರು. ಬಸಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಹಂಗ ಬಾಯಿಮಾತಿಲೆ ಆಗಂಗಿಲ್ರಿ ಗೌಡ್ರ. ಆ ಲೈಟು ಇಳಸ್ರಿ, ಹಳದಿ ಬಲ್ಬ್ ಹಾಕ್ರಿ. ಹೊತ್ತು ಮುಳುಗೂದ್ರಾಗ ಎಲ್ಲಾರೂ ಕಿಟಕಿ ಮುಚ್ಚಬೇಕು. ಆ ಬ್ಲಾಕ್ ರಾಶಿ ತಗಿಸ್ರಿ. ತಗಿಯಾವ್ರಿಗೆ ದಪ್ಪನ ಕೈಗವಸು, ಬೂಟು ಕೊಡಸ್ರಿ, ಮದಲು ಕೋಲಿಲೆ ತಟ್ಟಿ ಆಮ್ಯಾಲೆ ಎತ್ತಬೇಕು. ಬಿಲದಾಗಿಂದನ್ನ ಕೊಲ್ಲಂಗಿಲ್ಲ, ತಾನ ಹೊಲದ ಕಡೆ ಹೋಕ್ಕೈತಿ. ಹೊರಗಿಟ್ಟ ಚಪ್ಪಲಿ, ಬೂಟು ಜಾಡಿಸದ ಯಾರೂ ಹಾಕೋಬಾರದು. ಮಂದಿಗಷ್ಟ ಅಲ್ಲ, ನನಗೂ ಹೇಳ್ಕೋತೀನಿ."

"ಆಯ್ತು, ನಾಳೆ ಎಲೆಕ್ಟ್ರಿಶಿಯನ್ ಕರ್ಸಿ ಇಳುಸ್ತೀನಿ."

"ನಾಳಿ ಯಾಕ್ರೀ? ನೀವ ಏರಿಸೀರಿ, ನೀವ ಇಳಸ್ರಿ."

ಮಾವ ಪಂಚೆ ಎತ್ತಿ ಕಟ್ಟಿ, ಮೇನ್ ಸ್ವಿಚ್ಚು ಆಫ್ ಮಾಡಿಸಿ, ಏಣಿ ಇಟ್ಟುಕೊಂಡು ಕಂಬ ಹತ್ತಿದರು. ಭೀಮಪ್ಪ ಏಣಿ ಹಿಡಿದ. ಸ್ಕ್ರೂ ಬಿಚ್ಚುವಾಗ ಲೈಟಿನ ಹಿಂದಿನಿಂದ ಕೂದಲೆಳೆ ಕಾಲಿನ ಜೇಡವೊಂದು ಮೈ ನಡುಗಿಸುತ್ತ ಹೊರಬಂತು. ಮಾವ ಹೆಗಲ ಟವೆಲ್ಲು ತೆಗೆದು ಬೀಸಲು ಕೈ ಎತ್ತಿದರು.

"ಅಜ್ಜಾ, ಬ್ಯಾಡ! ಅದು ಏನೂ ಮಾಡಂಗಿಲ್ಲ!" ಎಂದು ಕೆಳಗಿನಿಂದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಎಲ್ಲರಿಗಿಂತ ಮುಂದೆ ನಿಂತು ಕೂಗಿದವಳು ನನ್ನ ಮಗಳು. ಗೌಡರ ಮೊಮ್ಮಗಳ ಬಾಯಲ್ಲಿ ಅಚ್ಚ ಇಳಕಲ್ ಮಾತು ಕೇಳಿ ಅತ್ತೆಗೆ ತೋಳಿನ ಉರಿಯೇ ಮರೆತುಹೋಯಿತು.

ಮಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಜೇಡ ಸರಿದು ಕಂಬದ ಹಿಂದೆ ಹೋಗುವವರೆಗೆ ಏಣಿಯ ಮೇಲೇ ಕಾದರು, ಆಮೇಲೆ ಲೈಟನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದರು. ಯಾರೋ ಸಿಳ್ಳೆ ಹೊಡೆದರು. ಹೆಂಗಸರು ಚಪ್ಪಾಳೆ ತಟ್ಟಿದರು. ಸವಿತಾ ಮಗನನ್ನು ಎತ್ತಿಕೊಂಡು ಬಂದು ಬಸಕ್ಕನ ಮಡಿಲಿಗೆ ಹಾಕಿದಳು. ಬಸಕ್ಕ ಆಗ ಅತ್ತಳು, ಅದೂ ಸಣ್ಣಗೇನಲ್ಲ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಏಣಿ ಹಿಡಕೊಂಡು ಏನ್ ನಿಂತಿ? ಗಂಟು ಬಿಚ್ಚು. ಮಕ್ಕಳಿಗೆ ಹಸಿವಾಗೇತಿ."